ನೆಲ ನುಡಿಗಳ ಕಾದಂಬರಿಕಾರ ಸಾಲೊಮನ್ ಪ್ಲಾಟ್ಯೆ

ಆಫ್ರಿಕದ ಕಾದಂಬರಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವ ಹೆಸರು ನೈಜೀರಿಯದ ಚಿನುವ ಅಚಿಬೆಯದು. ಆತನ ಮೊದಲ ಕಾದಂಬರಿ ೧೯೫೮ರಲ್ಲಿ ಪ್ರಕಟವಾಯಿತು. ಅದಕ್ಕೂ ಇಪ್ಪತ್ತೆಂಟು ವರ್ಷಗಳ ಹಿಂದೆ, ದಕ್ಷಿಣ ಆಫ್ರಿಕದ ಕರಿಯನೊಬ್ಬನು ತನ್ನ ಜನದ ಚರಿತ್ರೆಯನ್ನು ಕಾದಂಬರಿಯಾಗಿ ಬರೆದು ಪ್ರಕಟಿಸಿದ್ದನೆಂಬುದು ನಮಗೆ ಅಷ್ಟಾಗಿ ತಿಳಿಯದು. ಆತನೇ ಸಾಲೊಮನ್ ಷೆಕಿಶೊ ಪ್ಲಾಟ್ಯೆ. ಕಾದಂಬರಿಕಾರ, ಪತ್ರಿಕಾ ಸಂಪಾದಕ, ದುಭಾಷಿ, ಗಾದೆಗಳ ಸಂಗ್ರಾಹಕ, ಷೇಕ್ಸ್‌ಪಿಯರನ ಅನುವಾದಕ, ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಕಾರ್ಯದರ್ಶಿ — ಇಷ್ಟೂ ಆತನೊಬ್ಬನೇ. ಆದರೆ ಆತನು ಶಾಲೆಯಲ್ಲಿ ಓದಿದ್ದು ಮೂರನೆಯ ತರಗತಿಯವರೆಗೆ ಮಾತ್ರ! ಪದವಿಯ ಆಸೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿರುವ ನಮಗೆ ಈತನ ಜೀವನವು ಅನೇಕ ಕಾರಣಗಳಿಂದ ಮನನಯೋಗ್ಯವಾಗಿದೆ.

ಪ್ಲಾಟ್ಯೆ ಹುಟ್ಟಿದ್ದು ೧೮೭೬ನೆಯ ಅಕ್ಟೋಬರ್ ೯ರಂದು, ಆಗಿನ ಆರೆಂಜ್ ಫ್ರೀ ಸ್ಟೇಟ್ ಎಂಬ ಬೋಯರ್ ರಾಜ್ಯದ ಬೋಷೊಫ್ ಊರಿನ ಸಮೀಪದಲ್ಲಿ. ಬೋಯರರೆಂದರೆ ಹಾಲೆಂಡಿನಿಂದ ಬಂದು ಅಲ್ಲಿ ನೆಲಸಿದ ಬಿಳಿಯ ರೈತರ ವಂಶಜರು. ಪ್ಲಾಟ್ಯೆಯ ಮನೆತನವು ತ್ಸ್ವಾನಾ ಜನರಲ್ಲಿ ಬರೊಲಾಂಗ್ ಎಂಬ ಪಂಗಡಕ್ಕೆ ಸೇರಿದ್ದು. ‘ಪ್ಲಾಟ್ಯೆ’ ಎಂಬುದು ಡಚ್ ಮಾತಿನಿಂದ ಮನೆತನಕ್ಕೆ ಅಂಟಿಕೊಂಡ ಅಡ್ಡಹೆಸರು. ತಂದೆತಾಯಿಗಳು ಕ್ರೈಸ್ತಮತವನ್ನು ಅವಲಂಬಿಸಿದ್ದವರು. ಬಾಲಕನು ಬೆಳೆದದ್ದು ವಾಲ್ ನದಿಯ ದಡದ ಪ್ನೀಲ್ ಎಂಬಲ್ಲಿ, ಬರ್ಲಿನ್ ಮಿಷನ್ನಿನವರ ಆಶ್ರಯದಲ್ಲಿ. ಮನೆಯ ಹಿರಿಯ ಹೆಂಗಸರು ಹೇಳುತ್ತಿದ್ದ ಹಳೆಯ ಕಥೆಗಳು, ವಂಶಾವಳಿಗಳು, ಗಾದೆಗಳು ಅವನ ಮೊದಲ ಪಾಠಗಳಾದುವು. ಮಿಷನ್ನಿನ ಶಾಲೆ ಎರಡನೆಯ ಪಾಠಶಾಲೆಯಾಯಿತು. ಅಲ್ಲಿಯ ಪಾದ್ರಿ ವೆಸ್ಟ್‌ಫಾಲ್ ಎಂಬ ಜರ್ಮನನ ಪತ್ನಿಯು ಹುಡುಗನ ಚುರುಕುತನವನ್ನು ಕಂಡು, ಶಾಲೆಯ ಹೊತ್ತು ಮೀರಿದ ಮೇಲೂ ಅವನಿಗೆ ಇಂಗ್ಲಿಷನ್ನೂ ಸಂಗೀತವನ್ನೂ ಕಲಿಸಿದಳು. ಶಾಲೆಯಲ್ಲಿದ್ದ ತರಗತಿಗಳು ಬೇಗನೆ ಮುಗಿದುಹೋದುವು. ಹುಡುಗನು ತನಗಿಂತ ಕಿರಿಯರಿಗೆ ಪಾಠ ಹೇಳುವ ಉಪಾಧ್ಯಾಯನಾದನು.

೧೮೯೪ರಲ್ಲಿ ಆತ ಕಿಂಬರ್ಲಿ ನಗರಕ್ಕೆ ಬಂದು ಅಂಚೆ ಕಚೇರಿಯಲ್ಲಿ ಜವಾನನ ಕೆಲಸಕ್ಕೆ ಸೇರಿಕೊಂಡನು. ವಜ್ರದ ಗಣಿಗಳಿಂದ ಜಗತ್ಪ್ರಸಿದ್ಧವಾಗಿದ್ದ ಊರು ಅದು. ಕೇಪ್ ಪ್ರಾಂತದಲ್ಲಿ ಆಗ ಓದುಬರಹ ಬಲ್ಲ, ತಕ್ಕಷ್ಟು ಆಸ್ತಿಯೋ ವರಮಾನವೋ ಇದ್ದ ಕರಿಯ ಗಂಡಸರಿಗೆ ಮತದಾನದ ಹಕ್ಕಿತ್ತು. ವಿದ್ಯಾವಂತ ಆಫ್ರಿಕನ್ ತರುಣರು ಸಂಘಗಳನ್ನು ಕಟ್ಟಿಕೊಂಡು ಚರ್ಚೆ, ಭಾಷಣ, ಗಾಯನಗಳಲ್ಲಿ ತೊಡಗಿದ್ದರು. ಪ್ಲಾಟ್ಯೆಯೂ ಅವರಲ್ಲಿ ಒಬ್ಬನಾದನು. ಆ ಊರಿನ ನಾಟಕಶಾಲೆಯಲ್ಲಿ ಹ್ಯಾಮ್ಲೆಟ್ ನಾಟಕವನ್ನು ನೋಡಿದ್ದು ಅವನ ಬಾಳಿನ ಒಂದು ಮುಖ್ಯ ಘಟನೆ. ಅಂದಿನಿಂದ ಷೇಕ್ಸ್‌ಪಿಯರನು ಅವನ ನಿತ್ಯ ಸಂಗಾತಿಯಾದನು.

ಈ ಕವಿಯೇ ಅವನ ವಿವಾಹಕ್ಕೂ ಸಾಕ್ಷಿಯಾದನೆಂದರೆ ತಪ್ಪಾಗಲಾರದು. ಎಲಿಜಬೆತ್ ಎಂಬ ಉಪಾಧ್ಯಾಯಿನಿಯನ್ನು ಪ್ಲಾಟ್ಯೆ ಪ್ರೀತಿಸಿದನು. ಆಕೆಯ ಮನೆಮಾತು ಖೋಸ, ಇವನದು ತ್ಸ್ವಾನಾ. ಒಬ್ಬರ ಭಾಷೆ ಇನ್ನೊಬ್ಬರಿಗೆ ಚೆನ್ನಾಗಿ ಬಾರದು. ಆದ್ದರಿಂದ ಪ್ರೇಮಪತ್ರಗಳೆಲ್ಲ ಇಂಗ್ಲಿಷಿನಲ್ಲಿ ನಡೆದುವು. ಬೇರೆ ಪಂಗಡದ ಸಂಬಂಧವೆಂದು ಎರಡು ಮನೆಯವರೂ ಸಿಟ್ಟಾದರು. ರೋಮಿಯೊ ಮತ್ತು ಜೂಲಿಯೆಟ್ಟರ ಕಥೆಯನ್ನು ಆಗ ಓದುತ್ತಿದ್ದ ಈ ಇಬ್ಬರಿಗೂ ಅದು ತಮ್ಮದೇ ಕಥೆಯೆನಿಸಿತು. ಆದರೆ ಇಲ್ಲಿ ದುರಂತವಾಗಲಿಲ್ಲ. ೧೮೯೮ರ ಜನವರಿಯಲ್ಲಿ ಮದುವೆ ನಡೆಯಿತು. ಕ್ರಮೇಣ ಹಿರಿಯರೂ ಸಮಾಧಾನ ಹೊಂದಿದರು. ಮುಂದೆ ಗಂಡನು ವರ್ಷಗಟ್ಟಲೆ ಪರದೇಶದಲ್ಲಿದ್ದಾಗ ಸಾಲ, ಬಡತನ, ಮಕ್ಕಳ ಕಾಯಿಲೆಗಳ ನಡುವೆ ಸಂಸಾರವನ್ನು ಎಳೆದವಳು ಈ ಎಲಿಜಬೆತ್. ಪ್ಲಾಟ್ಯೆಯ ಕೀರ್ತಿಯಲ್ಲಿ ಆಕೆಯ ಪಾಲು ಸಣ್ಣದಲ್ಲ.

ಅದೇ ವರ್ಷ ಆತ ಮಾಫೆಕಿಂಗ್ ಪಟ್ಟಣದ ನ್ಯಾಯಾಲಯದಲ್ಲಿ ದುಭಾಷಿಯಾಗಿ ನೇಮಕ ಹೊಂದಿದನು. ತ್ಸ್ವಾನಾ, ಸೋಥೊ, ಖೋಸ, ಜುಲು, ಡಚ್, ಇಂಗ್ಲಿಷ್, ಜರ್ಮನ್ ಇವೆಲ್ಲವೂ ಅವನಿಗೆ ಬರುತ್ತಿದ್ದುವು. ನ್ಯಾಯಾಲಯದ ದುಭಾಷಿಯ ಕೆಲಸ ಹಗುರವಾದದ್ದಲ್ಲ. ಒಂದು ಮಾತು ತಪ್ಪಿದರೆ ನಿರಪರಾಧಿ ಸೆರೆಮನೆಗೆ ಹೋದಾನು. ಭಾಷೆಯೆಂಬುದು ಬರಿಯ ಅಲಂಕಾರವಲ್ಲ, ಅದರಲ್ಲಿ ಮನುಷ್ಯನ ಅಳಿವು ಉಳಿವುಗಳಿವೆ ಎಂಬುದನ್ನು ಆತ ಕಲಿತದ್ದು ಈ ಕಟಕಟೆಯ ಬಳಿಯಲ್ಲಿಯೇ. ಸರಕಾರಿ ಪರೀಕ್ಷೆಗೆ ಕುಳಿತು ಡಚ್ ಭಾಷೆಯಲ್ಲಿಯೂ ಬೆರಳಚ್ಚಿನಲ್ಲಿಯೂ ಬಿಳಿಯ ಅಭ್ಯರ್ಥಿಗಳನ್ನು ಮೀರಿಸಿ ಮೊದಲಿಗನಾದನು.

೧೮೯೯ರ ಅಕ್ಟೋಬರಿನಲ್ಲಿ ಆಂಗ್ಲೋ-ಬೋಯರ್ ಯುದ್ಧ ಆರಂಭವಾಯಿತು. ಬೋಯರರು ಮಾಫೆಕಿಂಗನ್ನು ಮುತ್ತಿದರು. ೨೧೭ ದಿನಗಳ ಆ ಮುತ್ತಿಗೆಯ ಕಥೆಯಲ್ಲಿ ಇಂಗ್ಲಿಷರು ಹಾಡಿ ಹೊಗಳಿದ್ದು ತಮ್ಮ ಸೇನಾಧಿಕಾರಿ ಬೇಡನ್ ಪೊವೆಲ್ಲನನ್ನು. ಮುಂದೆ ಬಾಲಚರ ಸಂಸ್ಥೆಯನ್ನು ಸ್ಥಾಪಿಸಿದಾತ ಇವನೇ. ಆದರೆ ಆ ಊರಿನಲ್ಲಿ ಸಿಕ್ಕಿಕೊಂಡಿದ್ದ ಸಾವಿರಾರು ಕರಿಯರ ಗತಿಯೇನಾಯಿತು? ಕಾಳುಕಡ್ಡಿ ಕಡಿಮೆಯಾದಂತೆ ಮೊದಲು ಕೈಕಚ್ಚಿದ್ದು ಅವರ ಪಡಿಗೆ. ಹಸಿವಿನಿಂದ ಸತ್ತವರು ಅನೇಕರು. ಇಪ್ಪತ್ತಮೂರು ವಯಸ್ಸಿನ ಪ್ಲಾಟ್ಯೆ ದುಭಾಷಿಯ ಕೆಲಸ ಮಾಡುತ್ತಲೇ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟನು. ಫಿರಂಗಿ ಗುಂಡುಗಳ ನಡುವೆಯೂ ಅದರಲ್ಲಿ ನಗೆಮಾತುಗಳಿವೆ. ನಗೆಯ ಕೆಳಗೆ ವ್ಯಥೆಯಿದೆ. ಈ ದಿನಚರಿಯ ವಿಷಯ ಯಾರಿಗೂ ತಿಳಿದಿರಲಿಲ್ಲ. ೧೯೬೯ರಲ್ಲಿ ಅದು ಸಿಕ್ಕಿ, ೧೯೭೩ರಲ್ಲಿ ಅಚ್ಚಾಯಿತು. ಆ ಮುತ್ತಿಗೆಯನ್ನು ಕರಿಯನೊಬ್ಬನ ಕಣ್ಣಿನಿಂದ ತೋರಿಸುವ ದಿನಚರಿ ಅದೊಂದೇ.

ಯುದ್ಧ ಮುಗಿದ ಮೇಲೆ ಪ್ಲಾಟ್ಯೆ ಸರಕಾರಿ ನೌಕರಿಯನ್ನು ಬಿಟ್ಟನು. ನಿಶ್ಚಿತವಾದ ಸಂಬಳವನ್ನು ಬಿಟ್ಟು ಪತ್ರಿಕೆ ನಡೆಸಹೊರಟದ್ದು ವ್ಯವಹಾರಜ್ಞರ ಕಣ್ಣಿಗೆ ಹುಚ್ಚಾಗಿ ಕಂಡಿರಬೇಕು. ಬರೊಲಾಂಗ್ ನಾಯಕನಾದ ಸಿಲಾಸ್ ಮೊಲೆಮಾ ಹಣ ಒದಗಿಸಿದನು. ತ್ಸ್ವಾನಾ ಮತ್ತು ಇಂಗ್ಲಿಷ್ ಎರಡು ಭಾಷೆಗಳಲ್ಲಿ ‘ಕೊರಾಂಟ ಯಾ ಬೆಚುವಾನ’ ಎಂಬ ವಾರಪತ್ರಿಕೆ ಹೊರಟಿತು. ಅದು ನಿಂತ ಮೇಲೆ ೧೯೧೦ರಲ್ಲಿ ಕಿಂಬರ್ಲಿಯಿಂದ ಮತ್ತೊಂದು ಪತ್ರಿಕೆ. ಅದರ ಹೆಸರಿಗೆ ತ್ಸ್ವಾನಾ ಜನರ ಮಿತ್ರನೆಂದು ಅರ್ಥ. ಬಳಿಕ ಹೆಸರನ್ನು ಬದಲಾಯಿಸಿ, ಎಲ್ಲ ಜನರ ಮಿತ್ರನೆಂದು ಮಾಡಿದನು. ಒಂದು ಪಂಗಡದ ಬರಹಗಾರನು ಇಡೀ ಕರಿಯ ಜನತೆಯ ವಕ್ತಾರನಾದ ಬಗೆಯನ್ನು ಈ ಹೆಸರಿನ ಬದಲಾವಣೆಯಲ್ಲಿಯೇ ಕಾಣಬಹುದು. ಚಂದಾದಾರರು ಬಡವರು, ಚಂದಾ ಸರಿಯಾಗಿ ಬರುತ್ತಿರಲಿಲ್ಲ, ಸಾಲಗಾರರು ಬಾಗಿಲಿಗೆ ಬರುತ್ತಿದ್ದರು. ಆದರೂ ಪತ್ರಿಕೆಯನ್ನು ಆತ ಬಹುಕಾಲ ಬಿಡಲಿಲ್ಲ.

೧೯೧೦ರಲ್ಲಿ ಇಂಗ್ಲಿಷರೂ ಬೋಯರರೂ ರಾಜಿಯಾಗಿ ದಕ್ಷಿಣ ಆಫ್ರಿಕದ ಒಕ್ಕೂಟ ಸ್ಥಾಪಿತವಾಯಿತು. ಈ ರಾಜಿಯಲ್ಲಿ ದೇಶದ ಬಹುಸಂಖ್ಯಾತರಾದ ಕರಿಯರ ಮಾತನ್ನು ಯಾರೂ ಕೇಳಲಿಲ್ಲ. ಇದಕ್ಕೆ ಉತ್ತರವಾಗಿ ೧೯೧೨ನೆಯ ಜನವರಿ ೮ರಂದು ಬ್ಲೂಮ್‌ಫಾಂಟೇನ್ ನಗರದಲ್ಲಿ ಆಫ್ರಿಕನ್ ನಾಯಕರು ಸೇರಿ ರಾಷ್ಟ್ರೀಯ ಕಾಂಗ್ರೆಸ್ಸನ್ನು ಸ್ಥಾಪಿಸಿದರು. ಜಾನ್ ಡೂಬೆ ಅಧ್ಯಕ್ಷನಾದನು. ಪ್ಲಾಟ್ಯೆ ಪ್ರಧಾನ ಕಾರ್ಯದರ್ಶಿಯಾದನು. ಎಷ್ಟೋ ವರ್ಷಗಳ ಮೇಲೆ ನೆಲ್ಸನ್ ಮಂಡೇಲರು ಮುನ್ನಡೆಸಿದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಎಂಬುದು ಇದೇ ಸಂಸ್ಥೆ.

ಮರುವರ್ಷವೇ ಸಿಡಿಲು ಬಡಿಯಿತು. ೧೯೧೩ನೆಯ ಜೂನ್ ೧೯ರಂದು ‘ನೇಟಿವ್ಸ್ ಲ್ಯಾಂಡ್ ಆಕ್ಟ್’ ಎಂಬ ಭೂ ಕಾನೂನು ಜಾರಿಗೆ ಬಂದಿತು. ಅದರ ಪ್ರಕಾರ ದೇಶದ ನೆಲದಲ್ಲಿ ಶೇಕಡ ೭ರಷ್ಟು ಮಾತ್ರ ಕರಿಯರಿಗೆ ಮೀಸಲು. ಅದರ ಹೊರಗೆ ಅವರು ಭೂಮಿಯನ್ನು ಕೊಳ್ಳಕೂಡದು, ಗೇಣಿಗೆ ಹಿಡಿಯಕೂಡದು. ಫ್ರೀ ಸ್ಟೇಟ್ ಪ್ರಾಂತದಲ್ಲಿ ಅನೇಕ ಕರಿಯ ರೈತರು ಬಿಳಿಯರ ಹೊಲವನ್ನು ತಮ್ಮ ಸ್ವಂತ ನೇಗಿಲು ಎತ್ತುಗಳಿಂದ ಉತ್ತು, ಬೆಳೆಯಲ್ಲಿ ಅರ್ಧವನ್ನು ಒಡೆಯನಿಗೆ ಕೊಟ್ಟು ಮರ್ಯಾದೆಯಿಂದ ಬದುಕುತ್ತಿದ್ದರು. ನಮ್ಮ ಕಡೆಯ ಕೋರು ಪದ್ಧತಿಯಂತೆಯೇ ಅದು. ಹೊಸ ಕಾನೂನು ಅದನ್ನು ಅಪರಾಧವೆಂದು ಸಾರಿತು. ರೈತನು ಎತ್ತುಗಳ ಸಹಿತ ಒಡೆಯನ ಆಳಾಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು. ಹೊರಟರೆ ಹೋಗುವುದೆಲ್ಲಿಗೆ? ಮುಂದಿನ ಹೊಲದ ಒಡೆಯನಿಗೂ ಅದೇ ಕಾನೂನು.

ಪ್ಲಾಟ್ಯೆ ಕಚೇರಿಯಲ್ಲಿ ಕುಳಿತು ಅಗ್ರಲೇಖನ ಬರೆದು ಸುಮ್ಮನಾಗಲಿಲ್ಲ. ಚಳಿಗಾಲದ ಕೊರೆಯುವ ಗಾಳಿಯಲ್ಲಿ ಬೈಸಿಕಲ್ಲನ್ನು ಹತ್ತಿ ಫ್ರೀ ಸ್ಟೇಟಿನ ದಾರಿಗಳನ್ನು ಹಿಡಿದನು. ದಾರಿಯುದ್ದಕ್ಕೂ ಒಕ್ಕಲೆಬ್ಬಿಸಲ್ಪಟ್ಟ ಸಂಸಾರಗಳು. ಮೇವಿಲ್ಲದೆ ಸಾಯುತ್ತಿದ್ದ ದನಕುರಿಗಳು. ಒಂದು ಸಂಸಾರದ ಕಥೆಯಂತೂ ಓದಿದವರು ಮರೆಯಲಾರರು. ಗಾಡಿಯಲ್ಲಿ ಸಾಗುತ್ತಿರುವಾಗಲೇ ಅವರ ಎಳೆಯ ಮಗು ಕಾಯಿಲೆಯಾಗಿ ತೀರಿಕೊಂಡಿತು. ಹೂಳಲು ಅವರಿಗೆ ಅಂಗೈಯಗಲ ನೆಲವಿಲ್ಲ. ದಾರಿಯ ಎರಡು ಪಕ್ಕದ ಹೊಲಗಳೂ ಬೇರೆಯವರವು. ಕಡೆಗೆ ಆ ತಂದೆತಾಯಿಗಳು ರಾತ್ರಿಯ ಕತ್ತಲೆಯಲ್ಲಿ, ಯಾರಾದರೂ ಕಂಡಾರೆಂಬ ಭಯದಿಂದ, ಕಳ್ಳರಂತೆ ಗುಂಡಿ ತೋಡಿ ಮಗುವನ್ನು ಮಣ್ಣುಮಾಡಿದರು. ಗಲ್ಲಿಗೆ ಹಾಕಿದ ಕೊಲೆಗಾರನಿಗೂ ಸಿಗುವ ಆರಡಿ ನೆಲ ಆ ಕೂಸಿಗೆ ನ್ಯಾಯವಾಗಿ ಸಿಗಲಿಲ್ಲ. ಕಾನೂನಿನ ಕಲಮುಗಳು ಮನುಷ್ಯರ ಮೇಲೆ ಬಿದ್ದಾಗ ಏನಾಗುವುದೆಂಬುದನ್ನು ಪ್ಲಾಟ್ಯೆ ಹೀಗೆ ಕಣ್ಣಾರೆ ಕಂಡು ಬರೆದನು. ಅದೇ ೧೯೧೩ರಲ್ಲಿ ಅದೇ ದೇಶದ ನೆಟಾಲಿನಲ್ಲಿ ಗಾಂಧೀಜಿಯವರು ಭಾರತೀಯ ಗಣಿಕೆಲಸಗಾರರೊಡನೆ ಸತ್ಯಾಗ್ರಹದಲ್ಲಿ ತೊಡಗಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

೧೯೧೪ರಲ್ಲಿ ಕಾಂಗ್ರೆಸ್ಸಿನ ನಿಯೋಗವೊಂದು ಇಂಗ್ಲೆಂಡಿಗೆ ಹೋಯಿತು. ಪ್ಲಾಟ್ಯೆಯೂ ಅದರಲ್ಲಿದ್ದನು. ಒಕ್ಕೂಟದ ಒಳಗಿನ ವಿಷಯದಲ್ಲಿ ತಾವು ಕೈಹಾಕುವಂತಿಲ್ಲವೆಂದು ಬ್ರಿಟಿಷ್ ಮಂತ್ರಿಗಳು ಹೇಳಿಬಿಟ್ಟರು. ಅಷ್ಟರಲ್ಲಿ ಮಹಾಯುದ್ಧ ಪ್ರಾರಂಭವಾಯಿತು, ಉಳಿದವರು ಹಿಂದಿರುಗಿದರು. ಪ್ಲಾಟ್ಯೆ ಮಾತ್ರ ೧೯೧೭ರವರೆಗೆ ಅಲ್ಲಿಯೇ ನಿಂತನು. ಕೈಯಲ್ಲಿ ಹಣವಿಲ್ಲ, ಮನೆಯಿಂದ ಬರುವ ಸುದ್ದಿ ಒಳ್ಳೆಯದಲ್ಲ. ಆದರೂ ಚರ್ಚುಗಳಲ್ಲಿ, ಸಭಾಮಂದಿರಗಳಲ್ಲಿ ನೂರಾರು ಭಾಷಣಗಳನ್ನು ಮಾಡಿ ತನ್ನ ಜನರ ಅಹವಾಲನ್ನು ಇಂಗ್ಲಿಷ್ ಪ್ರಜೆಗಳ ಮುಂದಿಟ್ಟನು. ೧೯೧೬ರಲ್ಲಿ ‘ನೇಟಿವ್ ಲೈಫ್ ಇನ್ ಸೌತ್ ಆಫ್ರಿಕ’ ಎಂಬ ಗ್ರಂಥ ಪ್ರಕಟವಾಯಿತು. ಭೂ ಕಾನೂನಿನ ಮೇಲೆ ಬರೆದ ಆ ದೋಷಾರೋಪಣೆಯನ್ನು ಇಂದಿಗೂ ಚರಿತ್ರಕಾರರು ಓದುತ್ತಾರೆ.

ಆಶ್ಚರ್ಯವೇನೆಂದರೆ, ಇದೇ ವರ್ಷದಲ್ಲಿ ಆತನಿಂದ ಇನ್ನೆರಡು ಪುಸ್ತಕಗಳು ಹೊರಬಂದುವು. ಒಂದು, ಏಳುನೂರಕ್ಕೂ ಹೆಚ್ಚು ತ್ಸ್ವಾನಾ ಗಾದೆಗಳ ಸಂಗ್ರಹ. ಪ್ರತಿಯೊಂದಕ್ಕೂ ಇಂಗ್ಲಿಷ್ ಅರ್ಥವನ್ನೂ, ದೊರೆತಲ್ಲಿ ಅದಕ್ಕೆ ಸಮನಾದ ಐರೋಪ್ಯ ಗಾದೆಯನ್ನೂ ಕೊಟ್ಟಿದ್ದಾನೆ. ಇನ್ನೊಂದು, ಲಂಡನ್ ವಿಶ್ವವಿದ್ಯಾನಿಲಯದ ಧ್ವನಿಶಾಸ್ತ್ರಜ್ಞ ಡೇನಿಯಲ್ ಜೋನ್ಸನೊಡನೆ ಸೇರಿ ರಚಿಸಿದ ತ್ಸ್ವಾನಾ ವಾಚಕ. ಇಂಗ್ಲಿಷ್ ಉಚ್ಚಾರಣೆಯ ವಿಷಯದಲ್ಲಿ ಜೋನ್ಸನ ಹೆಸರನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರ ಬಾಯಿಂದ ಕೇಳಿಯೇ ಇದ್ದೇವೆ. ಅಂಥ ವಿದ್ವಾಂಸನಿಗೆ ತ್ಸ್ವಾನಾ ಭಾಷೆಯ ಧ್ವನಿಗಳನ್ನು ತೋರಿಸಿಕೊಟ್ಟವನು ಮೂರನೆಯ ತರಗತಿಯ ಈ ವಿದ್ಯಾರ್ಥಿ. ನೆಲವನ್ನು ಕಳೆದುಕೊಂಡ ಜನ ನುಡಿಯನ್ನೂ ಕಳೆದುಕೊಳ್ಳಬಾರದೆಂಬುದೇ ಈ ದುಡಿಮೆಯ ಹಿಂದಿದ್ದ ಕಳಕಳಿ.

ಸ್ವದೇಶಕ್ಕೆ ಮರಳಿದಾಗ ಕಾಂಗ್ರೆಸ್ಸಿನ ಅಧ್ಯಕ್ಷಪದವಿ ಕೈಗೆ ಬಂದಿತ್ತು, ಆತ ಒಪ್ಪಲಿಲ್ಲ. ೧೯೧೯ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋಗಿ ಪ್ರಧಾನಮಂತ್ರಿ ಲಾಯ್ಡ್ ಜಾರ್ಜನನ್ನು ನಿಯೋಗದೊಡನೆ ಕಂಡನು. ಪ್ಲಾಟ್ಯೆಯ ಮಾತು ಲಾಯ್ಡ್ ಜಾರ್ಜನ ಮನಸ್ಸಿಗೆ ನಾಟಿತು. ಆತ ದಕ್ಷಿಣ ಆಫ್ರಿಕದ ಪ್ರಧಾನಿ ಸ್ಮಟ್ಸನಿಗೆ ಪತ್ರ ಬರೆದನು. ಆದರೆ ಕಾನೂನು ಮಾತ್ರ ಕದಲಲಿಲ್ಲ. ಪ್ಲಾಟ್ಯೆ ಅಲ್ಲಿಂದ ಕೆನಡಕ್ಕೂ ಅಮೆರಿಕಕ್ಕೂ ಹೋಗಿ ಅಲ್ಲಿಯ ನೀಗ್ರೋ ನಾಯಕರಾದ ಡುಬಾಯ್ಸ್ ಮೊದಲಾದವರನ್ನು ಕಂಡು ಬಂದನು. ಪ್ರವಾಸದ ಈ ಕಾಲದಲ್ಲಿಯೇ, ೧೯೨೧ರಲ್ಲಿ, ಊರಿನಲ್ಲಿ ಅವನ ಪ್ರೀತಿಯ ಮಗಳು ಆಲಿವ್ ತೀರಿಕೊಂಡಳು. ದಕ್ಷಿಣ ಆಫ್ರಿಕದ ಬಿಳಿಯ ಲೇಖಕಿ ಆಲಿವ್ ಶ್ರೈನರಳ ಮೇಲಿನ ಗೌರವದಿಂದ ಮಗಳಿಗೆ ಇಟ್ಟಿದ್ದ ಹೆಸರದು. ತಂದೆ ಮಗಳ ಮುಖವನ್ನು ಕಡೆಯ ಬಾರಿಗೆ ನೋಡಲಾಗಲಿಲ್ಲ.

ಲಂಡನ್ನಿನಲ್ಲಿದ್ದಾಗ ಸುಮಾರು ೧೯೨೦ರಲ್ಲಿ ಆತ ಬರೆದು ಮುಗಿಸಿದ ಕಾದಂಬರಿ ‘ಮ್ಹುದಿ’. ಅಚ್ಚುಮಾಡುವವರು ಸಿಗದೆ ಅದು ಹತ್ತು ವರ್ಷ ಹಸ್ತಪ್ರತಿಯಾಗಿಯೇ ಉಳಿಯಿತು. ೧೯೩೦ರಲ್ಲಿ ಲವ್‌ಡೇಲ್ ಮಿಷನ್ ಮುದ್ರಣಾಲಯ ಅದನ್ನು ಪ್ರಕಟಿಸಿತು. ದಕ್ಷಿಣ ಆಫ್ರಿಕದ ಕರಿಯನೊಬ್ಬನು ಇಂಗ್ಲಿಷಿನಲ್ಲಿ ಬರೆದ ಮೊದಲ ಕಾದಂಬರಿ ಇದು. ತಂದೆಯು ಅದನ್ನು ತೀರಿಹೋದ ಆಲಿವಳ ನೆನಪಿಗೆ ಅರ್ಪಿಸಿದ್ದಾನೆ.

ಕಥೆ ನಡೆಯುವುದು ೧೮೩೦ರ ದಶಕದಲ್ಲಿ. ಮಟಬೆಲೆ ರಾಜ ಮ್ಜಿಲಿಕಾಜಿಯು ಕಪ್ಪವನ್ನು ಕೇಳಲು ಕಳುಹಿಸಿದ ದೂತರನ್ನು ಬರೊಲಾಂಗ್ ಅರಸನು ಕೊಲ್ಲಿಸುತ್ತಾನೆ. ಅದರ ಸೇಡಿಗೆ ಮಟಬೆಲೆ ಸೈನ್ಯ ಬಂದು ಕುನಾನ ಎಂಬ ಊರನ್ನೇ ಸುಟ್ಟು ಹಾಳುಮಾಡುತ್ತದೆ. ಕಾಡಿಗೆ ಓಡಿದ ರಾ-ಥಾಗ ಎಂಬ ತರುಣನು ತನ್ನ ಕುಲದಲ್ಲಿ ಉಳಿದವನು ತಾನೊಬ್ಬನೇ ಎಂದು ತಿಳಿದಿರುವಾಗ, ಅವನಂತೆಯೇ ಒಂಟಿಯಾಗಿ ಸಿಂಹಗಳ ನಡುವೆ ಅಲೆಯುತ್ತಿದ್ದ ಮ್ಹುದಿ ಎಂಬ ಹುಡುಗಿ ಎದುರಾಗುತ್ತಾಳೆ. ಆ ನಿರ್ಜನ ಕಾಡಿನಲ್ಲಿಯೇ ಅವರ ಸಂಸಾರ ಆರಂಭವಾಗುತ್ತದೆ. ಮುಂದೆ ಅವರು ತಮ್ಮವರನ್ನು ಕಂಡುಕೊಳ್ಳುತ್ತಾರೆ. ಗಾಡಿಗಳಲ್ಲಿ ವಲಸೆ ಬಂದ ಬೋಯರರು ಬರೊಲಾಂಗರ ಆಶ್ರಯವನ್ನು ಪಡೆಯುತ್ತಾರೆ. ಇಬ್ಬರೂ ಕೂಡಿ ಮಟಬೆಲೆಯರನ್ನು ಸೋಲಿಸಿ ಉತ್ತರಕ್ಕೆ ಅಟ್ಟುತ್ತಾರೆ. ಸೋತ ಮ್ಜಿಲಿಕಾಜಿ, ಇಂದು ಬಿಳಿಯರಿಗೆ ಕೈಗೊಟ್ಟವರು ನಾಳೆ ಅವರಿಂದಲೇ ನೆಲವನ್ನು ಕಳೆದುಕೊಳ್ಳುವರೆಂದು ನುಡಿಯುತ್ತಾನೆ. ೧೯೧೩ರ ಕಾನೂನನ್ನು ಕಂಡವನೇ ಬರೆದ ಭವಿಷ್ಯವಾಣಿ ಇದೆಂಬುದನ್ನು ಓದುಗರು ಮರೆಯಬಾರದು.

ಈ ಕಾದಂಬರಿಯ ಹಿರಿಮೆ ಎರಡು ಬಗೆಯದು. ಶತ್ರುವಾದ ಮ್ಜಿಲಿಕಾಜಿಯನ್ನೂ ಲೇಖಕನು ರಾಕ್ಷಸನನ್ನಾಗಿ ಚಿತ್ರಿಸಿಲ್ಲ. ಸೋಲಿನಲ್ಲಿ ಅವನ ದುಃಖವನ್ನು ಸಹಾನುಭೂತಿಯಿಂದ ಕಂಡಿದ್ದಾನೆ. ಎರಡನೆಯದಾಗಿ, ಗಂಡಸರ ಯುದ್ಧಗಳ ಈ ಕಥೆಗೆ ಕೇಂದ್ರವಾದವಳು ಹೆಂಗಸು. ಮ್ಹುದಿಯ ವಿವೇಕ, ಧೈರ್ಯಗಳ ಮುಂದೆ ಗಂಡನು ಮಂಕಾಗುತ್ತಾನೆ. ಬೋಯರರು ತಮ್ಮ ಆಳುಗಳನ್ನು ಹಿಂಸಿಸುವುದನ್ನು ನೋಡಿ ಅವರನ್ನು ಮೊದಲು ಶಂಕಿಸುವವಳು ಅವಳೇ. ಅವಳೂ ಶತ್ರುರಾಜನ ಪತ್ನಿ ಉಮ್ನಂದಿಯೂ ದಾರಿಯಲ್ಲಿ ಸಂಧಿಸಿ, ಗೆಳತಿಯರಾಗಿ, ಗಂಡಸರ ಕಾಳಗದ ಹುಚ್ಚಿಗಾಗಿ ಮರುಗುವ ಸನ್ನಿವೇಶ ಅತ್ಯಂತ ಮನೋಹರವಾಗಿದೆ. ದೋಷಗಳಿಲ್ಲವೆಂದಲ್ಲ. ಪಾತ್ರಗಳು ಕೆಲವೆಡೆ ಹಳೆಯ ಇಂಗ್ಲಿಷ್ ಗ್ರಂಥಗಳ ಭಾರವಾದ ಮಾತನ್ನಾಡುತ್ತವೆ. ಕಥೆ ಅಲ್ಲಲ್ಲಿ ಚರಿತ್ರೆಯ ಪಾಠವಾಗುತ್ತದೆ. ಮುದ್ರಣಾಲಯದವರು ಮೂಲವನ್ನು ತಿದ್ದಿದ್ದರೆಂಬುದೂ ಆಮೇಲೆ ತಿಳಿದುಬಂದಿತು. ಲೇಖಕನ ಬೆರಳಚ್ಚು ಪ್ರತಿಯನ್ನು ಅನುಸರಿಸಿದ ಆವೃತ್ತಿ ಹೊರಬಂದದ್ದು ೧೯೭೮ರಲ್ಲಿ.

ಕಾದಂಬರಿಯಿಂದ ಬರುವ ಹಣದಿಂದ ತ್ಸ್ವಾನಾ ಜನಪದ ಕಥೆಗಳನ್ನು ಅಚ್ಚುಹಾಕಿಸಿ ಶಾಲೆಯ ಮಕ್ಕಳಿಗೆ ಕೊಡಬೇಕೆಂಬುದು ಆತನ ಹಂಬಲ. ಕೊನೆಯ ವರ್ಷಗಳನ್ನು ಆತ ಕಿಂಬರ್ಲಿಯ ಏಂಜೆಲ್ ರಸ್ತೆಯ ಮನೆಯಲ್ಲಿ ಭಾಷಾಸೇವೆಗೆ ಮೀಸಲಿಟ್ಟನು. ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕದ ಅವನ ತ್ಸ್ವಾನಾ ಅನುವಾದ ೧೯೩೦ರಲ್ಲಿ ಪ್ರಕಟವಾಯಿತು. ‘ಜೂಲಿಯಸ್ ಸೀಸರ್’ ಅನುವಾದವನ್ನು ಅಚ್ಚಿನಲ್ಲಿ ನೋಡುವ ಯೋಗ ಅವನಿಗಿರಲಿಲ್ಲ. ಅದು ಹೊರಬಂದದ್ದು ೧೯೩೭ರಲ್ಲಿ. ಇತರ ಕೆಲವು ಅನುವಾದಗಳ ಹಸ್ತಪ್ರತಿಗಳು ಕಳೆದೇಹೋದುವು. ತ್ಸ್ವಾನಾ ಮಾತಿನ ಬರವಣಿಗೆ ಹೇಗಿರಬೇಕೆಂಬುದನ್ನು ಆ ಭಾಷೆಯನ್ನಾಡುವವರನ್ನು ಕೇಳದೆ ಹೊರಗಿನ ಪಂಡಿತರು ಗೊತ್ತುಮಾಡಹೊರಟಾಗ ಆತ ಕಡುವಾಗಿ ವಿರೋಧಿಸಿದನು. ನೆಲದ ವಿಷಯದಲ್ಲಿ ತಮ್ಮನ್ನು ಕೇಳದೆ ನಡೆದ ಅನ್ಯಾಯ ನುಡಿಯ ವಿಷಯದಲ್ಲಿಯೂ ನಡೆಯಕೂಡದೆಂಬುದು ಆತನ ವಾದ.

೧೯೩೨ರಲ್ಲಿ ಮುದ್ರಣದ ಕೆಲಸಕ್ಕಾಗಿ ಜೋಹಾನ್ಸ್‌ಬರ್ಗಿಗೆ ಹೋಗಿದ್ದಾಗ ಜ್ವರ ಬಂದು ಶ್ವಾಸಕೋಶಕ್ಕೆ ತಗುಲಿತು. ಜೂನ್ ೧೯ರಂದು ಆತ ಕೊನೆಯುಸಿರೆಳೆದನು. ಆಗ ಆತನಿಗೆ ಐವತ್ತೈದು ವರ್ಷ. ಯಾವ ಕಾನೂನಿನ ವಿರುದ್ಧ ಬಾಳನ್ನೇ ಸವೆಸಿದನೋ, ಆ ಕಾನೂನು ಜಾರಿಗೆ ಬಂದು ಅಂದಿಗೆ ಸರಿಯಾಗಿ ಹತ್ತೊಂಬತ್ತು ವರ್ಷ. ದೇಹವನ್ನು ಕಿಂಬರ್ಲಿಗೆ ತಂದು ಸಮಾಧಿ ಮಾಡಿದರು.

ಪ್ಲಾಟ್ಯೆಯ ಜೀವನವನ್ನು ಸೋಲಿನ ಕಥೆಯೆಂದು ಹೇಳುವವರಿದ್ದಾರೆ. ಬ್ರಿಟಿಷರ ನ್ಯಾಯಬುದ್ಧಿಯನ್ನು ಆತ ಅತಿಯಾಗಿ ನಂಬಿದನೆಂಬ ಮಾತಿನಲ್ಲಿ ಸತ್ಯವಿದೆ. ಆತನ ಪತ್ರಿಕೆಗಳು ನಿಂತುವು, ನಿಯೋಗಗಳು ಬರಿಗೈಯಲ್ಲಿ ಹಿಂದಿರುಗಿದುವು, ಹಸ್ತಪ್ರತಿಗಳು ಕಳೆದುವು. ಭೂ ಕಾನೂನು ರದ್ದಾದದ್ದು ೧೯೯೧ರಲ್ಲಿ. ಅಷ್ಟರಲ್ಲಿ ಆತ ಸತ್ತು ಐವತ್ತೊಂಬತ್ತು ವರ್ಷಗಳಾಗಿದ್ದುವು. ಆದರೆ ಆ ಕಾನೂನಿನಿಂದ ನೊಂದವರ ಕಥೆಯನ್ನು ಜಗತ್ತು ಇಂದು ಬಲ್ಲುದಾದರೆ, ಅದು ಬೈಸಿಕಲ್ ತುಳಿದುಕೊಂಡು ಹೋಗಿ ಅವರ ಬಳಿ ಕುಳಿತು ಕೇಳಿದವನೊಬ್ಬನಿದ್ದುದರಿಂದ. ಏಂಜೆಲ್ ರಸ್ತೆಯ ಆ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ೨೦೧೪ರಲ್ಲಿ ಕಿಂಬರ್ಲಿಯಲ್ಲಿ ಹೊಸ ವಿಶ್ವವಿದ್ಯಾನಿಲಯವೊಂದು ಬಾಗಿಲು ತೆರೆಯಿತು. ಅದಕ್ಕೆ ಪ್ಲಾಟ್ಯೆಯ ಹೆಸರನ್ನೇ ಇಟ್ಟಿದ್ದಾರೆ. ಒಮ್ಮೆ ಆತ ಅಂಚೆಯ ಜವಾನನಾಗಿ ನಡೆದಾಡಿದ ಊರು ಅದು.

ನಾವು ಓದುವ ಪುಸ್ತಕಗಳಿಗೂ ನಮ್ಮ ಊರಿನ ದುಃಖಗಳಿಗೂ ಸಂಬಂಧವಿಲ್ಲವೆಂದು ಎಷ್ಟೋ ಸಲ ನಮಗೆ ತೋರುವುದುಂಟು. ಪ್ಲಾಟ್ಯೆಗೆ ಹಾಗೆ ತೋರಲಿಲ್ಲ. ಷೇಕ್ಸ್‌ಪಿಯರನನ್ನು ಓದಿದ ಕಣ್ಣಿನಿಂದಲೇ ಆತ ಒಕ್ಕಲುಹೋದ ರೈತನನ್ನು ನೋಡಿದನು. ಅಜ್ಜಿಯರ ಗಾದೆಯನ್ನು ಬರೆದುಕೊಂಡ ಲೇಖನಿಯಿಂದಲೇ ಮಂತ್ರಿಗಳಿಗೆ ಮನವಿಯನ್ನೂ ಬರೆದನು. ನಮ್ಮ ಗ್ರಂಥಾಲಯಕ್ಕೆ ‘ಮ್ಹುದಿ’ಯ ಒಂದು ಪ್ರತಿಯನ್ನು ತರಿಸಿ, ವಿದ್ಯಾರ್ಥಿಮಿತ್ರರು ಅದನ್ನು ಓದುವಂತಾದರೆ ಈ ಲೇಖನದ ಶ್ರಮ ಸಾರ್ಥಕ.